ಮೂರನೇ ಸಿ.ಡಿ.

ರಾಮನಗರ ದಾಟುವಾಗ ಬಸ್ಸಿನ ಕಿಟಕಿಯಲ್ಲಿ ಬೇಯಿಸಿದ ರೇಷ್ಮೆಗೂಡಿನ ವಾಸನೆ ಬಂದರೆ, ಅವ್ವನ ಜೊತೆ ಸಿನಿಮಾ ನೋಡಿದ ಒಂದು ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ಅವ್ವ ಬೆಳಗ್ಗೆ ಕುದಿಯುವ ನೀರಿನಲ್ಲಿ ಬೇಯಿಸಿದ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು, ಸಂಜೆ ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ನೆಲ ಒರೆಸುತ್ತಿದ್ದಳು. ನಡುವೆ ಮನೆಗೆ ಬಂದಾಗ ಗೋಡೆಗೊರಗಿ, ಬಿಸಿನೀರಿಗೆ ಬೆಂದು ಬೆಳ್ಳಗಾದ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದಳು. ಅವಳ ತಮ್ಮ, ನನ್ನ ಮಾವ, ಬಾಡಿಗೆಗೆ ತಂದ ಇಂಗ್ಲಿಷ್ ಸಿ.ಡಿ.ಗಳಲ್ಲಿ ಒಂದೇ ಕಥೆ ಮೂರು ಸಿನಿಮಾಗಳಾಗಿ ಬಂದಿತ್ತು: ಆಕಾಶದ ಹಡಗಿನಲ್ಲಿ ಗೂಡೊಡೆದು ಬರುವ ಪ್ರಾಣಿ, ಅದರಿಂದ ತಪ್ಪಿಸಿಕೊಂಡು ಓಡುವ ಹೆಂಗಸು.

ಮೊದಲ ಭಾಗದಲ್ಲಿ ಪ್ರಾಣಿ ಕೊನೆಯವರೆಗೂ ಕಾಣಲೇ ಇಲ್ಲ. ನಾನು ಹೆದರಿ ಅವ್ವನ ಸೆರಗು ಹಿಡಿದಿದ್ದೆ. ಅವಳು ಮಾತ್ರ, "ಗೂಡು ಕಂಡೇಟ್ಗೆ ಕುದಿಯೋ ನೀರ್ಗೆ ಹಾಕೋದು ಬುಟ್ಟು ನೋಡ್ತಾ ನಿಂತವ್ರೆ" ಎಂದು ಬೇಸರಪಟ್ಟಳು. ಎರಡನೆಯದರಲ್ಲಿ ಬರೀ ಬಂದೂಕಿನ ಸದ್ದು. ಅವ್ವ ನಿದ್ದೆ ಹೋದಳು.

ಆ ಮಧ್ಯಾಹ್ನ ಹಾಕಿದ್ದು ಮೂರನೆಯದು. "ಒಂದೊಂದಕ್ಕೂ ಬ್ಯಾರೆ ಡೈರೆಕ್ಟರು ಕಣಕ್ಕಾ. ಇದು ಶಾನೆ ನಿಧಾನ, ಯಾರ್ಗೂ ಹಿಡಿಸ್ನಿಲ್ವಂತೆ" ಎಂದ ಮಾವ.

ನಿಜಕ್ಕೂ ನಿಧಾನವಾಗಿತ್ತು. ಅರ್ಧಕ್ಕೆ ಬಂದಾಗ ಆ ಹೆಂಗಸು ಓಡುವುದನ್ನು ನಿಲ್ಲಿಸಿ, ಕಂಬಕ್ಕೊರಗಿ, ಬೂಟು ಬಿಚ್ಚಿ ಸುಮ್ಮನೆ ಕೂತಳು. ಕೂತೇ ಇದ್ದಳು. ಮಾವ ಮುಂದೆ ಓಡಿಸಲು ರಿಮೋಟಿಗೆ ಕೈ ಹಾಕಿದ.

"ಇರ್ಲಿ ಬುಡು" ಎಂದಳು ಅವ್ವ. "ಮೊದ್ಲಿನ್ ಡೈರೆಕ್ಟ್ರು ಇಬ್ರೂ ಓಡ್ಸಿದ್ದೇ ಓಡ್ಸಿದ್ದು. ಇವ್ನೊಬ್ಬ ಅವಳ್ನ ಒಸಿ ಕೂರ್ಸವ್ನೆ."

ಹೊರಗೆ ಫ್ಯಾಕ್ಟರಿಯ ವ್ಯಾನು ಹಾರನ್ ಹಾಕಿತು. ಅವ್ವ ಎದ್ದು, ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು. ಟೀವಿಯಲ್ಲಿ ಆ ಹೆಂಗಸು ಇನ್ನೂ ಕೂತೇ ಇದ್ದಳು.