ನಿಮ್ಮಪ್ಪಂಗೆ ಹೇಳು

ಗಂಡ ಹೆಂಡತಿ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಹೇಳಬೇಕಾದ್ದನ್ನೆಲ್ಲ ಆರು ವರ್ಷದ ಮಗಳ ಕೈಲಿ ಹೇಳಿಸುತ್ತಿದ್ದರು.

ಆ ಮಗುವಿಗೇ ಜ್ವರ ಬಂತು.

"ಮೂರು ದಿನ ಆಯ್ತು, ಜ್ವರ ಇಳಿದಿಲ್ಲ. ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಲಿ ಅಂತ ನಿಮ್ಮಪ್ಪಂಗೆ ಹೇಳು," ಎಂದಳು ತಾಯಿ, ಅಡುಗೆಮನೆಯಿಂದಲೇ.

ಮಗು ಗೋಡೆ ಹಿಡಿದುಕೊಂಡು ನಡುಮನೆಗೆ ಬಂದು ಅಪ್ಪನಿಗೆ ಹೇಳಿತು.

"ಅವಳಿಗೇನು ಕಾಲಿಲ್ವಾ ಅಂತ ಕೇಳು ಹೋಗು."

ಮಗು ವಾಪಸ್ ಹೋಗಿ ಕೇಳಿತು.

"ಹುಟ್ಟಿಸಿದೋರಿಗೆ ಕಾಳಜಿ ಇಲ್ವಾ ಅಂತ ಕೇಳು."

ಮತ್ತೆ ಹೊರಟ ಮಗು ಹೊಸ್ತಿಲಲ್ಲೇ ಕುಸಿಯಿತು.

ಆಸ್ಪತ್ರೆಯಲ್ಲಿ ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ನರ್ಸ್ ಹೊರಗೆ ಬಂದು ತಂದೆಯ ಕಿವಿಯ ಬಳಿ ಬಗ್ಗಿ ಮೆಲ್ಲಗೆ ಹೇಳಿದಳು: "ಮಗು ಉಳೀಲಿಲ್ಲ ಸರ್."

ಅವನು ತಲೆ ಎತ್ತದೆ ಬೆಂಚಿನ ಇನ್ನೊಂದು ತುದಿಯತ್ತ ಕೈ ತೋರಿಸಿದ.

"ಆ ತುದೀಲಿ ಕೂತಿದ್ದಾಳಲ್ಲ, ಅವಳಿಗೆ ಹೇಳಿ."