ಹನ್ನೆರಡನೆಯ ಕೌದಿ

ಹನ್ನೊಂದು ಕೌದಿಗಳು ಮಡಿಕೆಯಾಗಿ ವ್ಯಾನು ಸೇರಿದ್ದವು. ಹನ್ನೆರಡನೆಯದು ಮಾವನ ಮೈಮೇಲಿತ್ತು. ಅದರ ಅಂಚನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ನಾಲ್ಕೇ ದಿನ, ಯಜಮಾನ್ರೇ," ಎಂದರು ಪ್ರದರ್ಶನ ಏರ್ಪಡಿಸಿದ್ದ ಮೇಡಂ, ಮಂಚದ ಪಕ್ಕ ಬಗ್ಗಿ. "ನಿಮ್ಮ ಸೊಸೆ ಹೊಲಿದಿದ್ದರಲ್ಲೆಲ್ಲ ಇದೇ ಮೇಲು. ಇದಿಲ್ಲದೆ ಹೋದರೆ ಕಳಸ ಇಲ್ಲದ ಗೋಪುರ ಆಗುತ್ತೆ."

"ಕಳಸ ಇಲ್ಲ ಅಂತ ಯಾವ ಗೋಪುರಾನೂ ಬಿದ್ದಿಲ್ಲ. ಕೊಡಲ್ಲ."

"ಬದಲಿಗೆ ಒಂದು ಹೊಸ ರಗ್ಗು ಕೊಡಿಸ್ತೀನಿ."

"ನೀವೇ ಹೊದ್ದುಕೊಳ್ಳಿ."

ಮೇಡಂ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಾವ ಲೈನ್‌ಮನ್ ಕೆಲಸದಿಂದ ನಿವೃತ್ತರಾದ ಮೇಲೆ ಅವರ ಹಳೆಯ ಖಾಕಿ ಅಂಗಿ, ಪ್ಯಾಂಟುಗಳನ್ನು ಕತ್ತರಿಸಿ ಸೊಸೆ ಆ ಕೌದಿಯ ಮೇಲೆ ವಿದ್ಯುತ್ ಕಂಬಗಳ ಸಾಲನ್ನೇ ನಿಲ್ಲಿಸಿದ್ದಳು. ಕಂಬದಿಂದ ಕಂಬಕ್ಕೆ ಕಪ್ಪು ದಾರದ ತಂತಿ. ಕೆಳಗೆ ಉಗುರಗಲದ ಹಳದಿ ಚೂರುಗಳ ನೂರಾರು ಕಿಟಕಿ. ಒಂದು ಕಂಬದ ತುದಿಯಲ್ಲಿ ಹೆಬ್ಬೆರಳಿನ ಗಾತ್ರದ ಒಬ್ಬ ಮನುಷ್ಯ. ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹರಿದ ಹಾಸು, ಪರದೆಗಳಿಗೆ ತೇಪೆ ಹಾಕುವ ಕೆಲಸ ಅವಳದು. ಅದು ಮುಗಿದು ಉಳಿದ ಹೊತ್ತಿನಲ್ಲಿ ಎಂಟು ತಿಂಗಳು ಕೂತು ಹೊಲಿದದ್ದು. ತನ್ನ ಕೈಯಿಂದ ಅದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲವೆಂದು ಅವಳಿಗೂ ಗೊತ್ತಿತ್ತು.

ಮಾವ ಯಾಕೆ ಕೊಡುತ್ತಿಲ್ಲ ಎಂಬುದೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದ ಮೇಲೆ ಅವರ ಕಾಲಿನ ಜೊತೆ ಮೈಯ ಹತೋಟಿಯೂ ಹೋಗಿತ್ತು. ವಾರಕ್ಕೆ ಎರಡು ಮೂರು ಸಲ ಹಾಸಿಗೆ ಒದ್ದೆಯಾಗುತ್ತಿತ್ತು. ಒಗೆದು ಒಗೆದು ಕೌದಿಯ ನಡುಭಾಗ ಬಿಳಿಚಿಕೊಂಡಿತ್ತು. ಅದನ್ನು ಗೋಡೆಯ ಮೇಲೆ ಹರವಿದರೆ, ಯಾಕೆ ಹೀಗಾಯಿತು ಎಂದು ಯಾರಾದರೂ ಕೇಳದೆ ಇರುತ್ತಾರೆಯೇ? ಮೂವತ್ತು ವರ್ಷ ಜೋರು ಗಾಳಿಯಲ್ಲೂ ಕಂಬ ಹತ್ತಿದ ಮನುಷ್ಯ. ಈ ಮಾತನ್ನು ಅವರೂ ಬಾಯಿಬಿಟ್ಟು ಆಡಿರಲಿಲ್ಲ, ಅವಳೂ ಆಡಿರಲಿಲ್ಲ.

"ಬಿಡಿ ಮೇಡಂ," ಎಂದಳು ಸೊಸೆ. "ಅದು ನೋಡೋ ಕೌದಿ ಅಲ್ಲ, ಹೊದೆಯೋ ಕೌದಿ." ಹೇಳುವಾಗ ಅವಳ ಕೈ ಆ ಕಂಬಗಳ ಮೇಲೆ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಕೌದಿಯನ್ನು ಮಾವನ ಭುಜದವರೆಗೆ ಎಳೆದು ಸರಿಮಾಡಿದಳು. ಗೋಡೆಯ ಕಡೆ ತಿರುಗಿದ್ದ ಮಾವ ಆಗ ಇತ್ತ ತಿರುಗಿದ್ದರು. ಆ ಕೈಯನ್ನು ಅವರು ನೋಡಿದರು.

ಪ್ರದರ್ಶನದ ಮೊದಲ ದಿನ ಬೆಳಗ್ಗೆ ಹಾಲ್ ತುಂಬಿತ್ತು. ಆಸ್ಪತ್ರೆಯಿಂದ ನರ್ಸುಗಳು ಗುಂಪಾಗಿ ಬಂದಿದ್ದರು. ದೊಡ್ಡ ಡಾಕ್ಟರು ಕಡಲಿನ ಕೌದಿಯ ಮುಂದೆ ನಿಂತುಬಿಟ್ಟಿದ್ದರು.

"ಈ ನೀರಿನ ಹಸಿರು ಎಲ್ಲಿ ಸಿಕ್ತಮ್ಮ?"

"ನೀವು ಬಿಸಾಕಿದ ಆಪರೇಷನ್ ಗೌನು, ಡಾಕ್ಟ್ರೇ."

"ಇಷ್ಟು ವರ್ಷ ಮೈಮೇಲೆ ಹಾಕ್ಕೊಂಡು ಓಡಾಡಿದ್ದೀನಿ," ಎಂದರು ಡಾಕ್ಟರು, ಕನ್ನಡಕ ಏರಿಸಿಕೊಂಡು. "ನನಗೆ ಕಡಲು ಕಾಣಲೇ ಇಲ್ಲ."

ಸೊಸೆ ನಕ್ಕಳು. ಅವಳ ಬೆನ್ನು ಆವತ್ತು ನೆಟ್ಟಗಿತ್ತು. ಕೇಳಿದವರಿಗೆಲ್ಲ ಬಿಡಿಸಿ ಹೇಳುತ್ತಿದ್ದಳು, ಇದು ಯಾವ ವಾರ್ಡಿನ ಪರದೆ, ಇದು ಯಾವ ಹೊಲಿಗೆ ಅಂತ. ಬಾಗಿಲಿಗೆ ಎದುರಾದ ಗೋಡೆಯೊಂದು ಮಾತ್ರ ಖಾಲಿಯಿತ್ತು. ಅಲ್ಲಿ ಬೇರೆ ಯಾವುದನ್ನು ಹಾಕಲೂ ಮೇಡಂಗೆ ಮನಸ್ಸು ಬಂದಿರಲಿಲ್ಲ.

ಹನ್ನೊಂದರ ಸುಮಾರಿಗೆ ಬಾಗಿಲಲ್ಲಿ ಗಾಲಿಕುರ್ಚಿ ಕಾಣಿಸಿತು. ತಳ್ಳುತ್ತಿದ್ದವನು ಅವಳ ಗಂಡ. ಕೂತವರು ಎರಡು ವರ್ಷದಿಂದ ಹೊಸ್ತಿಲು ದಾಟದಿದ್ದ ಮಾವ. ಗಡ್ಡ ಹೆರೆಸಿಕೊಂಡು, ಇಸ್ತ್ರಿ ಅಂಗಿಗೆ ಕತ್ತಿನವರೆಗೂ ಗುಂಡಿ ಹಾಕಿಕೊಂಡಿದ್ದರು. ತೊಡೆಯ ಮೇಲೆ ಮಡಿಸಿದ ಕೌದಿ.

ಸೊಸೆ ಓಡಿಬಂದಳು. "ಏನು ಮಾವ ಇದು?"

"ಏನಿಲ್ಲ. ಮನೇಲಿ ಸೆಕೆ. ಹೊದಿಕೆ ಬೇಡ ಅನ್ನಿಸ್ತು."

ಅವಳು ಗಂಡನ ಮುಖ ನೋಡಿದಳು. "ಬೆಳಗ್ಗೆಯಿಂದ ಇದೇ ಹಟ," ಎಂದ ಅವನು.

ಮೇಡಂ ಎರಡು ಮಾತಾಡದೆ ಕೌದಿಯನ್ನು ಎತ್ತಿಸಿ ಗೋಡೆಗೆ ಏರಿಸಿದರು. ಅದು ಬಿಚ್ಚಿಕೊಂಡು ಕೆಳಗಿಳಿಯುತ್ತಿದ್ದ ಹಾಗೆ ಹಾಲ್‌ನಲ್ಲಿದ್ದವರು ಒಬ್ಬೊಬ್ಬರಾಗಿ ಇತ್ತ ತಿರುಗಿದರು. ಜನ ಹತ್ತಿರ ಬಂದರು. ಕಂಬದ ತುದಿಯ ಮನುಷ್ಯನನ್ನು ಯಾರೋ ಬೆರಳು ಮಾಡಿ ತೋರಿಸಿದರು. ಕತ್ತಿಗೆ ಕ್ಯಾಮೆರಾ ನೇತುಹಾಕಿಕೊಂಡಿದ್ದ ಒಬ್ಬರು ತುಂಬ ಹೊತ್ತು ನೋಡಿ ಸೊಸೆಯ ಕಡೆ ತಿರುಗಿದರು.

"ಅದ್ಭುತವಾಗಿದೆ. ನಡುವೆ ಬಣ್ಣ ತಿಳಿಯಾಗಿದೆಯಲ್ಲ, ಊರಿನ ಮೇಲೆ ಮಂಜು ಕವಿದ ಹಾಗೆ. ಬೇಕೂಂತಲೇ ಮಾಡಿದ್ದಾ?"

"ಹೌದು ಸಾರ್, ಮಂಜೇ," ಎಂದಳು ಸೊಸೆ, ತಟ್ಟನೆ.

"ಮಂಜೂ ಇಲ್ಲ, ಮಣ್ಣೂ ಇಲ್ಲ," ಎಂದರು ಮಾವ.

"ಮಾವ, ಸುಮ್ಮನಿರಿ."

"ನೀನು ಸುಮ್ಮನಿರು." ಅವರು ಕ್ಯಾಮೆರಾದವರನ್ನೇ ನೋಡುತ್ತಿದ್ದರು. "ನನಗೆ ಕಾಯಿಲೆ. ಹಾಸಿಗೆ ಒದ್ದೆ ಮಾಡ್ಕೊಳ್ತೀನಿ. ಒಗೆದೂ ಒಗೆದೂ ಬಣ್ಣ ಹೋಗಿದೆ. ಎರಡು ವರ್ಷ ಆಯ್ತು, ಒಂದು ದಿನ ಮುಖ ಸಿಂಡರಿಸಿಲ್ಲ ಇವಳು."

ಸೊಸೆ ತಲೆ ತಗ್ಗಿಸಿ ಸೆರಗಿನ ತುದಿ ಹಿಡಿದು ನಿಂತಿದ್ದಳು. ಏನು ಮಾಡಬೇಕೆಂದು ತೋಚದೆ ಮೇಡಂ, ಗೋಡೆಗೆ ಅಂಟಿಸಬೇಕಾಗಿದ್ದ ಚೀಟಿಯನ್ನು ಪಕ್ಕದ ಮೇಜಿನ ಮೇಲಿಟ್ಟು ಬರೆಯತೊಡಗಿದರು. ಮಾವನ ಕಣ್ಣು ಅತ್ತ ಹೊರಳಿತು.

"ಏನು ಬರೀತಾ ಇದ್ದೀರಮ್ಮ?"

"ಹೊಲಿದವರು ಯಾರು ಅಂತ, ಯಜಮಾನ್ರೇ. ನಿಮ್ಮ ಸೊಸೆ ಹೆಸರು."

"ಅಷ್ಟು ಸಾಲದು," ಎಂದರು ಮಾವ. "ಒಗೆದವಳೂ ಇವಳೇ ಅಂತ ಬರೀರಿ. ದಪ್ಪ ಅಕ್ಷರದಲ್ಲಿ ಬರೀರಿ, ಬಾಗಿಲ ಹತ್ತಿರ ನಿಂತವರಿಗೂ ಕಾಣಲಿ."