ಒಂದು ಪರ್ಸೆಂಟ್ ನೆಂಟ

ಗೇಟಿನ ಮೇಲೆ ಬಣ್ಣದ ಬಲ್ಬುಗಳ ಸರ ಮಿನುಗುತ್ತಿತ್ತು. ಬಾಗಿಲು ಹಾರುಹೊಡೆದಿತ್ತು. ಒಳಗೆ ಜನ. ಮದುವೆಮನೆ, ಇನ್ನೇನು ಬೇಕು? ಅವನು ಚಪ್ಪಲಿ ಬಿಟ್ಟ, ಮುಖಕ್ಕೊಂದು ನೆಂಟರ ನಗು ಅಂಟಿಸಿಕೊಂಡ, ನುಗ್ಗಿಯೇಬಿಟ್ಟ. ಯಾರ ಮದುವೆಯೆಂದು ದೇವರಾಣೆಗೂ ಅವನಿಗೆ ಗೊತ್ತಿರಲಿಲ್ಲ. ಜೇಬಿನಲ್ಲಿದ್ದ ಫೋನಿನಲ್ಲಿ ಒಂದೇ ಒಂದು ಪರ್ಸೆಂಟ್ ಚಾರ್ಜು ಉಳಿದಿತ್ತು.

ಎಲ್ಲ ಆ ಅಪ್‌ಡೇಟ್‌ನ ಕೃಪೆ. ಹಿಂದಿನ ದಿನ ಕೇಳದೆ ಹೇಳದೆ ಬಂದು ಕೂತಿದ್ದ ಅದು ಊರಿನ ಅರ್ಧ ಫೋನುಗಳ ಬ್ಯಾಟರಿಯನ್ನು ಗಟಗಟ ಕುಡಿಯುತ್ತಿತ್ತು. ಬೆಳಗಿನಿಂದ ಸುದ್ದಿಯಲ್ಲೆಲ್ಲ ಅದೇ ರಗಳೆ. ಕಂಪನಿಯವರು ಮಾತ್ರ ‘ಬಳಕೆದಾರರ ಅನುಭವವನ್ನು ಉತ್ತಮಪಡಿಸಿದ್ದೇವೆ’ ಎಂದು ಹೇಳಿಕೆ ಕೊಟ್ಟು ಕೈತೊಳೆದುಕೊಂಡಿದ್ದರು. ಹೋಟೆಲು, ಔಷಧದಂಗಡಿ, ಕ್ಷೌರದಂಗಡಿ, ಎಲ್ಲಿಗೆ ಹೋದರೂ ಪ್ಲಗ್ಗಿನ ಮುಂದೆ ಸಾಲು.

ಬೇರೆ ದಿನವಾಗಿದ್ದರೆ ಫೋನು ಸತ್ತರೆ ಸಾಯಲಿ ಎಂದುಬಿಡುತ್ತಿದ್ದ. ಇವತ್ತು ಆರು ಗಂಟೆಗೆ ಅದೇ ಕಂಪನಿಯ ಮ್ಯಾನೇಜರ್ ಕರೆ ಮಾಡುವವರಿದ್ದರು. ಗ್ರಾಹಕರ ದೂರಿಗೆ ಉತ್ತರ ಕೊಡುವ ಕೆಲಸ, ಫೋನಿನಲ್ಲೇ ಸಂದರ್ಶನ. ಎತ್ತದಿದ್ದರೆ ಕೆಲಸ ಮುಂದಿನವನ ಪಾಲು. ದುಡಿಯುತ್ತಿದ್ದ ಪ್ರೆಸ್ಸು ಮುಚ್ಚಿದಂದಿನಿಂದ ಅವನು ಹೆಂಡತಿಯ ಜೊತೆ ಮಾವನ ಮನೆಯಲ್ಲಿ ಠಿಕಾಣಿ ಹೂಡಿದ್ದ. ಮಾವ ದಿನಾ ಬೆಳಿಗ್ಗೆ ಪೇಪರಿನ ‘ಬೇಕಾಗಿದ್ದಾರೆ’ ಜಾಹೀರಾತುಗಳನ್ನು ಗಟ್ಟಿಯಾಗಿ ಓದುತ್ತಿದ್ದರು, ಅದೂ ಅವನು ಬಾಯಿಗೆ ತುತ್ತಿಡುವ ಹೊತ್ತಿಗೆ ಸರಿಯಾಗಿ. ಈ ಕೆಲಸವೂ ತಪ್ಪಿದರೆ ಆ ಪಾರಾಯಣ ಇನ್ನೆಷ್ಟು ಕಾಲವೋ. ನೆನೆದರೇ ಅವನಿಗೆ ಅಳು ಬರುತ್ತಿತ್ತು.

“ಬನ್ನಿ, ಬನ್ನಿ” ಎಂದರು ಟೀ ತಟ್ಟೆ ಹಿಡಿದು ಎದುರಾದ ಮನೆಯಾಕೆ. ಯಾರೆಂದು ಕೇಳಲಿಲ್ಲ. ಅವನ ಕೈಯಲ್ಲಿದ್ದ ಚಾರ್ಜರ್ ನೋಡಿ, “ಅಲ್ಲೊಂದು ಖಾಲಿ ಇದೆ” ಎಂದು ಮೂಲೆಯ ಎಕ್ಸ್‌ಟೆನ್ಷನ್ ಬೋರ್ಡನ್ನೂ ತೋರಿಸಿದರು. ಎಂಥ ತಾಯಿ! ಅವನು ಫೋನು ಸಿಕ್ಕಿಸಿ ಒಂದು ಲೋಟ ಎತ್ತಿಕೊಂಡ. ಟೀ ಮಾತ್ರ ಸಪ್ಪೆ.

“ಸಕ್ಕರೆ ಎಲ್ಲಿಟ್ಟಿದಾರೋ ಸಿಗ್ತಾ ಇಲ್ಲ. ಹಾಗೇ ಕುಡೀರಿ” ಎಂದ ಆಕೆ, ಅಡುಗೆಮನೆಗೆಂದು ಹೊರಟವರು ಬಟ್ಟೆಯ ಬೀರು ತೆರೆದು ಬೆಚ್ಚಿ ಮುಚ್ಚಿದರು. ಪಾಪ, ಮದುವೆ ಗಡಿಬಿಡಿಯಲ್ಲಿ ತಲೆ ಕೆಟ್ಟುಹೋಗಿದೆ ಎಂದುಕೊಂಡ.

ನೆಂಟರು ವಿನಯವಂತರು. ನಡುಮನೆಯ ಮೆತ್ತನೆಯ ಸೋಫಾ ಖಾಲಿ ಬಿಟ್ಟು ಎಲ್ಲರೂ ಗೋಡೆಗೆ ಒರಗಿ ನೆಲದಲ್ಲಿ ಕೂತಿದ್ದರು. ಬೋರ್ಡಿನ ಪಕ್ಕ ಮಾತ್ರ ಒಂದು ಕುರ್ಚಿ, ಅದರ ತುಂಬ ಒಬ್ಬ ದಪ್ಪ ಮೀಸೆಯ ಹಿರಿಯರು. ಮನೆಯ ಯಜಮಾನರಂತೆ ಕಾಲು ಚಾಚಿದ್ದರು.

“ಯಾರ ಕಡೆಯವರು?” ಎಂದರು ಮೀಸೆಯವರು.

“ಹುಡುಗಿ ಕಡೆ.”

“ಹಾಗಾದ್ರೆ ನಾನು ಹುಡುಗನ ಕಡೆ. ಹುಡುಗಿಗೆ ಏನಾಗ್ಬೇಕು ನೀವು?”

ಹುಡುಗಿಯ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಬಾಯಿ ಮಾತ್ರ ನಿಲ್ಲಲಿಲ್ಲ. “ಅವಳ ಚಿಕ್ಕಮ್ಮನ ಮಗ ನನಗೆ ಷಡ್ಡಕ. ಅವನೇ ಬರಬೇಕಿತ್ತು, ಸೊಂಟ ಹಿಡ್ಕೊಂಡಿದೆ. ಆ ಹುಡುಗೀನ ಎತ್ತಿ ಆಡಿಸಿದ ಕೈ ಸಾರ್ ಇದು!” ಹೇಳುತ್ತಾ ಹೇಳುತ್ತಾ ಅವನ ಕಣ್ಣು ನಿಜವಾಗಿಯೂ ಒದ್ದೆಯಾಯಿತು.

“ಹೌದೌದು, ನನಗೆ ನೆನಪಿದೆ” ಎಂದರು ಎದುರು ಗೋಡೆಯ ಅಜ್ಜಿ. “ಇವನ ಹೆಗಲ ಮೇಲೇ ಬೆಳೀತು ಆ ಕೂಸು.”

ಅವನು ಕಕ್ಕಾಬಿಕ್ಕಿಯಾದ. ಅಜ್ಜಿಗೆ ಮನಸ್ಸಿನಲ್ಲೇ ಕೈಮುಗಿದ.

ಮೀಸೆಯವರು ಬಿಡುವ ಪೈಕಿಯವರಲ್ಲ. “ಸೊಂಟ ಯಾವಾಗಿಂದ ಹಿಡ್ಕೊಂಡಿದೆ? ಯಾವ ಡಾಕ್ಟರು? ಮಕ್ಕಳೆಷ್ಟು ಅವರಿಗೆ?” ಅವನು ಷಡ್ಡಕನಿಗೆ ಎಕ್ಸರೇ ತೆಗೆಸಿದ, ಕಟ್ಟು ಹಾಕಿಸಿದ, ಅವಳಿ ಜವಳಿ ಮಕ್ಕಳನ್ನೂ ಹುಟ್ಟಿಸಿದ. ಇನ್ನೊಂದು ಪ್ರಶ್ನೆ ಕೇಳಿದರೆ ಬಣ್ಣ ಬಯಲು, ಬೀದಿಯೇ ಗತಿ. ಫೋನು ಇನ್ನೂ ನಾಲ್ಕು ಪರ್ಸೆಂಟಿನಲ್ಲಿ ತೆವಳುತ್ತಿತ್ತು.

ಗೋಡೆಯ ಗಡಿಯಾರ ಆರು ಹೊಡೆಯಿತು. ಪುಣ್ಯಕ್ಕೆ ಮೀಸೆಯವರು ವಿಚಾರಣೆ ನಿಲ್ಲಿಸಿ ತಮ್ಮ ಫೋನು ಕಿವಿಗಿಟ್ಟುಕೊಂಡರು. ಅಷ್ಟರಲ್ಲಿ ಅವನ ಫೋನೂ ರಿಂಗಾಯಿತು.

“ನಮಸ್ಕಾರ, ಸಂದರ್ಶನಕ್ಕೆ ಕರೆ ಮಾಡ್ತಿದೀನಿ” ಎಂದಿತು ಎಡಗಿವಿಗೆ ಫೋನು. ಅದೇ ಮಾತು ಬಲಗಿವಿಗೆ ಕುರ್ಚಿಯಿಂದ ಬಂತು.

ಇಬ್ಬರೂ ಮೆಲ್ಲನೆ ಕತ್ತು ತಿರುಗಿಸಿದರು.

“ಹುಡುಗನಿಗೆ ಏನಾಗ್ಬೇಕು ಸಾರ್ ನೀವು?” ಎಂದ ಅವನು, ಫೋನಿನಲ್ಲೇ.

“ಹುಡುಗ ಕರಿಯನೋ ಬಿಳಿಯನೋ ಗೊತ್ತಿಲ್ಲಪ್ಪ” ಎಂದು ಮ್ಯಾನೇಜರು ಫೋನಿನಲ್ಲೇ ಪಿಸುಗುಟ್ಟಿದರು. “ನಮ್ಮದೇ ಅಪ್‌ಡೇಟು, ನನ್ನ ಫೋನನ್ನೂ ನುಂಗಿ ನೀರು ಕುಡೀತು. ಅಂದ ಹಾಗೆ ನಿಮ್ಮ ಷಡ್ಡಕ?”

“ನನ್ನ ಹೆಂಡತಿ ಒಬ್ಬಳೇ ಮಗಳು ಸಾರ್. ಷಡ್ಡಕ ಎಲ್ಲಿಂದ ಬರ್ತಾನೆ?”

ಮೀಸೆ ಗಡಗಡ ಕುಣಿಯಿತು. ನಗು ತಡೆಯಲು ಅವರು ಸಪ್ಪೆ ಟೀಯನ್ನು ಒಂದೇ ಗುಟುಕಿಗೆ ಕುಡಿದರು. “ಉರಿದು ಬೀಳೋ ಗ್ರಾಹಕರಿಗೆ ನಿಮ್ಮಂಥವರೇ ಸರಿ. ನಾಳೆನೇ ಬಂದು ಸೇರ್ಕೊಳ್ಳಿ.”

ಕೆಲಸ ಸಿಕ್ಕಿತು! ಅವನಿಗೆ ಸೋಫಾ ಹತ್ತಿ ಕುಣಿಯಬೇಕೆನಿಸಿತು. ಮಾವ ಇನ್ನು ಪೇಪರನ್ನು ಮನಸ್ಸಿನಲ್ಲೇ ಓದಿಕೊಳ್ಳಲಿ. ಹಿಗ್ಗಿನಿಂದ ತಲೆಯೆತ್ತಿದರೆ ಎದುರಿಗೇ ಮನೆಯಾಕೆ ನಿಂತಿದ್ದರು, ಕೈಯಲ್ಲಿ ತಟ್ಟೆ, ಮುಖದಲ್ಲಿ ಎಲ್ಲ ಕೇಳಿಸಿಕೊಂಡ ಕಳೆ. ಆಕೆ ಒಂದು ಸಲ ಕೂಗಿದರೆ ಸಾಕು, ಮ್ಯಾನೇಜರ ಮಾನವೂ ಹೋಯಿತು, ಅವನ ಕೆಲಸವೂ ಹೋಯಿತು. ಮೀಸೆಯವರು ಕುರ್ಚಿಯಲ್ಲಿ ಮುದುರಿಕೊಂಡರು.

“ತಪ್ಪಾಯ್ತಮ್ಮ” ಎಂದು ಅವನು ಚಾರ್ಜರಿಗೆ ಕೈಹಾಕಿದ. “ಈಗಲೇ ಹೊರಟ್ವಿ.”

“ಅಯ್ಯೋ, ನೀವ್ಯಾಕೆ ಹೊರಡ್ತೀರಿ?” ಎನ್ನುತ್ತಾ ಆಕೆ ತಟ್ಟೆಯನ್ನು ಅವನ ಕೈಗೆ ತುರುಕಿ, ಹೆಗಲಿಗೆ ಕೈಚೀಲ ಏರಿಸಿಕೊಂಡರು. “ಮನೆಯವರೆಲ್ಲ ಬೀಗ ಹಾಕೋದು ಮರೆತು ಮದುವೆ ಹಾಲ್‌ಗೆ ಹೋಗಿದಾರಂತೆ, ನನ್ನ ಫೋನು ಫುಲ್ ಆಯ್ತು, ನಾನು ನಮ್ಮನೆಗೆ ಹೊರಟೆ, ಇನ್ನು ಬಂದವರಿಗೆ ಟೀ ಕೊಡೋದು ನಿಮ್ಮ ಪಾಳಿ. ನನ್ನ ಕೈಗೂ ಯಾರೋ ಹೀಗೇ ತಟ್ಟೆ ಕೊಟ್ಟು ಹೋದ್ರು!”